ತಿರುಗಾಟದಲ್ಲಿ ಎಲ್ಲಕ್ಕಿಂತ ದುಬಾರಿ ದಿನ ಶೋ ಇಲ್ಲದ ದಿನ

1959ರ ಫೆಬ್ರುವರಿ 2. ಅಮೆರಿಕದ ಮಧ್ಯಭಾಗದಲ್ಲಿ ಮೈ ಕೊರೆಯುವ ಚಳಿ. ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹಾಲಿ ಮತ್ತು ಸಂಗಡಿಗರು ಜನವರಿ ಕೊನೆಯಿಂದ ಹೆಚ್ಚುಕಡಿಮೆ ದಿನಕ್ಕೊಂದು ಊರಿನಂತೆ ಹಾಡುತ್ತಾ ಸುತ್ತುತ್ತಿದ್ದರು. ಊರುಗಳ ಪಟ್ಟಿ ಮಾಡಿದವರು ನಕ್ಷೆ ನೋಡಿದ್ದರೋ ಇಲ್ಲವೋ, ಬಸ್ಸು ಒಂದು ದಿನ ಅತ್ತ ಓಡಿದರೆ ಮರುದಿನ ಮತ್ತೆ ಇತ್ತ. ಬಸ್ಸಿನ ಹೀಟರ್ ಕೆಟ್ಟಿತ್ತು. ಡ್ರಮ್ಮರ್ ಚಳಿಗೆ ಕಾಲು ಮರಗಟ್ಟಿ ಆಸ್ಪತ್ರೆ ಸೇರಿದ್ದ. ಆ ಫೆಬ್ರುವರಿ 2 ಮೊದಲು ಮಾಡಿದ ಪಟ್ಟಿಯಲ್ಲಿ ಖಾಲಿ ಇತ್ತು. ಆದರೆ ಆಯೋಜಕರು ಫೋನ್ ಮಾಡಿ, ಅಯೋವಾ ರಾಜ್ಯದ ಕ್ಲಿಯರ್ ಲೇಕ್ ಎಂಬ ಊರಿನ ಸರ್ಫ್ ಬಾಲ್‌ರೂಮ್ ಎಂಬ ನೃತ್ಯಶಾಲೆಯಲ್ಲಿ ಒಂದು ಶೋ ತುರುಕಿಬಿಟ್ಟರು.

ಶೋ ಮುಗಿಯಿತು. ಮತ್ತೆ ಆ ಬಸ್ಸು ಹತ್ತಲು ಹಾಲಿಗೆ ಮನಸ್ಸಿರಲಿಲ್ಲ. ಸಣ್ಣ ವಿಮಾನವೊಂದನ್ನು ಗೊತ್ತು ಮಾಡಿದ. ಮುಂದಿನ ಊರಿಗೆ ಬೇಗ ತಲುಪಿದರೆ ಒಂದಿಷ್ಟು ಮಲಗಬಹುದು, ಕೊಳೆಯಾದ ಬಟ್ಟೆ ಒಗೆಸಬಹುದು ಅನ್ನೋದಷ್ಟೇ ಆಸೆ. ವಿಮಾನ ಮೇಲೆದ್ದ ಕೆಲವೇ ನಿಮಿಷದಲ್ಲಿ ಹೊಲಕ್ಕೆ ಬಿತ್ತು. 22 ವರ್ಷದ ಹಾಲಿ, ಜೊತೆಯ ಗಾಯಕರಾದ 17 ವರ್ಷದ ರಿಚಿ ವ್ಯಾಲೆನ್ಸ್ ಮತ್ತು ಜೆ.ಪಿ. ರಿಚರ್ಡ್‌ಸನ್, ಜೊತೆಗೆ ಪೈಲಟ್, ನಾಲ್ವರೂ ಉಳಿಯಲಿಲ್ಲ. ಅವತ್ತು ರಾತ್ರಿ ಮುಂದಿನ ಊರಾದ ಮೂರ್‌ಹೆಡ್‌ನಲ್ಲಿ ಶೋ ನಡೆಯಿತಾ? ನಡೆಯಿತು. ಅಲ್ಲೇ ಹತ್ತಿರದ 15 ವರ್ಷದ ಹುಡುಗ ಬಾಬಿ ವೀ ತನ್ನ ಗೆಳೆಯರ ತಂಡ ಕಟ್ಟಿಕೊಂಡು ಬಂದು ಜಾಗ ತುಂಬಿದ. ತಿರುಗಾಟ ಇನ್ನೂ ಸುಮಾರು ಎರಡು ವಾರ ಮುಂದುವರಿಯಿತು.

ಇದನ್ನು ಎಲ್ಲರೂ ವಿಮಾನ ಅಪಘಾತದ ಕತೆ ಅಂತಲೇ ಹೇಳುತ್ತಾರೆ. ನಾಟಕ ತಂಡದ ಜೊತೆ ಲೈಟಿಂಗ್ ಕೆಲಸಕ್ಕೆ ಕೆಲವು ವರ್ಷ ಸುತ್ತಿದ ನನಗೆ ಇದರಲ್ಲಿ ಕಾಣುವುದು ಆ ಖಾಲಿ ದಿನ. ಅದನ್ನು ಯಾಕೆ ಖಾಲಿ ಬಿಡಲಿಲ್ಲ? ಉತ್ತರ ಸುಲಭ. ಖಾಲಿ ದಿನಕ್ಕೆ ದುಡ್ಡು ಹೋಗುತ್ತೆ, ಬರಲ್ಲ.

ಈಗ ಕಲಾವಿದರು ಒಬ್ಬೊಬ್ಬರಾಗಿ ಶೋ ರದ್ದು ಮಾಡುತ್ತಿರುವುದು, ಗಂಟಲು ಕೆಟ್ಟು ಆಸ್ಪತ್ರೆ ಸೇರುವುದು, ಸಣ್ಣ ತಂಡಗಳು ಹೊರಡುವುದನ್ನೇ ಬಿಟ್ಟಿರುವುದು, ಇದನ್ನೆಲ್ಲ ಬೇರೆ ಬೇರೆ ಸುದ್ದಿಗಳಾಗಿ ಓದುತ್ತೇವೆ. ಆದರೆ ಎಲ್ಲವನ್ನೂ ಅಗೆಯುತ್ತಾ ಹೋದರೆ ಕೊನೆಗೆ ಸಿಗುವುದು ಇದೇ ಪ್ರಶ್ನೆ. ಶೋ ಇಲ್ಲದ ದಿನದ ಖರ್ಚು ಯಾರ ತಲೆಗೆ?

ಲೆಕ್ಕ ನೋಡಿ. ಹನ್ನೆರಡು ಜನರ ತಂಡ ಅಂದುಕೊಳ್ಳಿ. ಶೋ ಇರುವ ದಿನ ಬಸ್ಸಿನ ಬಾಡಿಗೆ, ಡ್ರೈವರ್ ಸಂಬಳ, ಲೈಟ್ ಮತ್ತು ಸೌಂಡ್ ಹುಡುಗರ ಕೂಲಿ, ಎಲ್ಲರ ಬ್ಯಾಟಾ, ಬಾಡಿಗೆ ಸಾಮಾನಿನ ದಿನದ ದರ, ಇಷ್ಟೂ ಖರ್ಚು. ಎದುರಿಗೆ ಟಿಕೆಟ್ಟಿನ ಪಾಲು, ಇಲ್ಲಾ ಆಯೋಜಕರು ಕೊಡುವ ಮೊತ್ತ ಬರುತ್ತದೆ. ಶೋ ಇಲ್ಲದ ದಿನ ಆದಾಯ ಸೊನ್ನೆ. ಖರ್ಚು ಮಾತ್ರ ಒಂದು ಪೈಸೆ ಕಡಿಮೆಯಾಗಲ್ಲ, ಬದಲಿಗೆ ಜಾಸ್ತಿಯಾಗುತ್ತದೆ! ಯಾಕೆಂದರೆ ಶೋ ದಿನ ಊಟ ಸಾಮಾನ್ಯವಾಗಿ ಆಯೋಜಕರದ್ದು, ಸ್ನಾನ ರಂಗಮಂದಿರದಲ್ಲೇ, ನಿದ್ದೆ ಓಡುವ ಬಸ್ಸಿನ ಬರ್ತಿನಲ್ಲಿ. ರಜೆ ದಿನ ಬಸ್ಸು ಓಡಲ್ಲ, ರಂಗಮಂದಿರ ಇಲ್ಲ, ಎಲ್ಲರಿಗೂ ರೂಮು ಬೇಕು. ಹಾಗಾಗಿ ಮ್ಯಾನೇಜರ್ ಕಣ್ಣಿಗೆ ರಜೆ ದಿನ ಅಂದರೆ ತೂತು ಬಿದ್ದ ಕೊಡ. ಎರಡು ಊರಿನ ಮಧ್ಯೆ ಒಂದು ದಿನ ಖಾಲಿ ಕಂಡರೆ ಸಾಕು, ಆ ದಾರಿಯಲ್ಲಿ ಯಾವುದಾದರೂ ಚಿಕ್ಕ ಊರು ಸಿಗುತ್ತಾ, ಅರ್ಧ ದುಡ್ಡಿಗಾದರೂ ಒಂದು ಶೋ ಹಾಕೋಣ ಅಂತ ಹುಡುಕುತ್ತಾರೆ. ಅವರು ಕೆಟ್ಟವರಲ್ಲ ಪಾಪ. ಅರ್ಧ ದುಡ್ಡು ಸೊನ್ನೆಗಿಂತ ವಾಸಿ, ಅಲ್ವಾ?

ಹಳೆಯ ಕಾಲದಲ್ಲೂ ಹೀಗೇ ಇತ್ತು. ಅಮೆರಿಕದ ಬ್ಲೂಸ್ ಗಾಯಕ ಬಿ.ಬಿ. ಕಿಂಗ್ 1956ರಲ್ಲಿ ಒಂದೇ ವರ್ಷ 342 ಶೋ ಕೊಟ್ಟ ಲೆಕ್ಕ ಪ್ರಸಿದ್ಧ. ಇಡೀ ವರ್ಷದಲ್ಲಿ ಉಳಿದದ್ದು 24 ದಿನ. ಇದನ್ನು ಇಂದಿನ ಇನ್ನೊಂದು ತುದಿಯ ಪಕ್ಕ ಇಟ್ಟು ನೋಡಿ. ಟೇಲರ್ ಸ್ವಿಫ್ಟ್ ಅವರ ಎರಾಸ್ ಟೂರ್ 2023ರ ಮಾರ್ಚ್ 17ರಿಂದ 2024ರ ಡಿಸೆಂಬರ್ 8ರವರೆಗೆ ನಡೆಯಿತು. ಒಟ್ಟು 149 ಶೋ, ಟಿಕೆಟ್ ಮಾರಾಟ 200 ಕೋಟಿ ಡಾಲರ್ ದಾಟಿತು. ದಿನಗಳನ್ನು ಎಣಿಸಿದರೆ ಸರಾಸರಿ ನಾಲ್ಕು ದಿನಕ್ಕೊಂದು ಶೋ ಕೂಡ ಬರಲ್ಲ. ಮೂರು ಗಂಟೆಗೂ ಮೀರಿದ ಶೋ ಅದು, ಆ ಬಿಡುವು ಬೇಕೇ ಬೇಕು. ಆದರೆ ಬೇಕು ಅನ್ನುವುದು ಬೇರೆ, ಕೊಳ್ಳುವ ಶಕ್ತಿ ಇರುವುದು ಬೇರೆ. ಆ ದೊಡ್ಡ ಟೂರಿನಲ್ಲಿ ಒಂದು ರಾತ್ರಿಯ ಗಳಿಕೆ ಮುಂದಿನ ಮೂರು ದಿನದ ಬಿಡುವನ್ನು ಆರಾಮಾಗಿ ಹೊರುತ್ತದೆ. ಮುನ್ನೂರು ಸೀಟಿನ ಹಾಲಿನಲ್ಲಿ ಹಾಡುವವರಿಗೆ ಒಂದು ರಾತ್ರಿಯ ಗಳಿಕೆ ಆ ರಾತ್ರಿಯನ್ನೇ ಹೊತ್ತರೆ ದೊಡ್ಡದು.

ಹಾಗಾದರೆ ಈಗ ಹೊಸದೇನು? 2020ರಲ್ಲಿ ಕೊರೋನಾ ಬಂದು ರಂಗಮಂದಿರಗಳಿಗೆ ಬೀಗ ಬಿತ್ತು. ಮತ್ತೆ ತೆರೆಯುವ ಹೊತ್ತಿಗೆ ಬಸ್ಸು, ಲಾರಿ, ಡೀಸೆಲ್, ರೂಮು, ವಿಮಾನ ಟಿಕೆಟ್ ಎಲ್ಲ ತುಟ್ಟಿ. ನುರಿತ ಕೆಲಸಗಾರರಲ್ಲಿ ಎಷ್ಟೋ ಜನ ಆ ಎರಡು ವರ್ಷದಲ್ಲಿ ಬೇರೆ ದಾರಿ ನೋಡಿಕೊಂಡಿದ್ದರು. ಎಲ್ಲ ತಂಡಗಳೂ ಒಟ್ಟಿಗೇ ಹೊರಟಿದ್ದರಿಂದ ಸ್ಲೀಪರ್ ಬಸ್ಸುಗಳಿಗೇ ಬರ. 2022ರಲ್ಲಿ ಬ್ರಿಟನ್ನಿನ ರ‍್ಯಾಪ್ ಗಾಯಕಿ ಲಿಟಲ್ ಸಿಮ್ಜ್ ಅಮೆರಿಕದ ಟೂರ್ ಕೈಬಿಟ್ಟರು. ಸ್ವತಂತ್ರ ಕಲಾವಿದೆಯಾದ ತನಗೆ ಇದರಿಂದ ಭಾರಿ ನಷ್ಟ ಅಂತ ಬಿಚ್ಚಿಯೇ ಹೇಳಿದರು. ಅದೇ ವರ್ಷ ಆನಿಮಲ್ ಕಲೆಕ್ಟಿವ್ ತಂಡ ಯುರೋಪಿನ ಟೂರ್ ರದ್ದು ಮಾಡಿತು, ಗಾಯಕಿ ಸ್ಯಾಂಟಿಗೋಲ್ಡ್ ಕೂಡ ಹಿಂದೆ ಸರಿದರು. ಇವರ್‍ಯಾರೂ ಹೊಸಬರಲ್ಲ ಅನ್ನೋದನ್ನು ಗಮನಿಸಿ. ಟಿಕೆಟ್ ಮಾರಾಟವಾಗುವವರೇ ಹೊರಡಲು ಹೆದರಿದರು.

ಗಡಿ ದಾಟುವವರಿಗೆ ಇದರ ಮೇಲೆ ಕಾಗದಪತ್ರದ ಖರ್ಚು. 2024ರ ಏಪ್ರಿಲ್ 1ರಿಂದ ಅಮೆರಿಕ ಕಲಾವಿದರ ವೀಸಾ ಅರ್ಜಿಯ ಶುಲ್ಕ ಏರಿಸಿತು. ತಂಡಗಳು ಬಳಸುವ ಪಿ ವೀಸಾದ ಅರ್ಜಿಗೆ 460 ಡಾಲರ್ ಇದ್ದದ್ದು ದೊಡ್ಡ ಸಂಸ್ಥೆಗಳಿಗೆ 1,615 ಡಾಲರ್ ಆಯಿತು. ಸಣ್ಣ ಸಂಸ್ಥೆ, ಲಾಭವಿಲ್ಲದೆ ನಡೆಯುವ ಸಂಸ್ಥೆಗೆ ಇದರಲ್ಲಿ ರಿಯಾಯಿತಿ ಇದೆ. ಆದರೆ ಒಂದು ಅರ್ಜಿಯಲ್ಲಿ 25 ಜನಕ್ಕಿಂತ ಹೆಚ್ಚು ಹೆಸರು ಸೇರಿಸುವಂತಿಲ್ಲ ಅಂತ ಹೊಸ ನಿಯಮ ಬಂತು. ತೊಂಬತ್ತು ಜನರ ಆರ್ಕೆಸ್ಟ್ರಾ ಒಂದು ಅರ್ಜಿಯ ಜಾಗದಲ್ಲಿ ನಾಲ್ಕು ಹಾಕಬೇಕು. ಬೇಗ ಮುಗಿಸಿಕೊಡಿ ಅಂದರೆ ಪ್ರತಿ ಅರ್ಜಿಗೂ ಇನ್ನೂ ಎರಡು ಸಾವಿರ ಡಾಲರಿಗಿಂತ ಜಾಸ್ತಿ ತೆರಬೇಕು.

ಯುರೋಪಿನಲ್ಲಿ ಇನ್ನೊಂದು ತಮಾಷೆ. ಬ್ರೆಕ್ಸಿಟ್ ಪೂರ್ತಿ ಜಾರಿಗೆ ಬಂದ 2021ರ ಜನವರಿಯಿಂದ ಬ್ರಿಟನ್ನಿನ ಕಲಾವಿದರು ಷೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮೊಳಗೆ ಗಡಿ ತಪಾಸಣೆ ತೆಗೆದುಹಾಕಿರುವ ಯುರೋಪಿನ ದೇಶಗಳಲ್ಲಿ, ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಆ 90ರಲ್ಲಿ ಶೋ ದಿನ, ಪ್ರಯಾಣದ ದಿನ, ಜ್ವರ ಬಂದು ಮಲಗಿದ ದಿನ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಂದರೆ ರಜೆ ತಗೊಂಡರೆ ದುಡ್ಡೂ ಹೋಯಿತು, ದಿನವೂ ಹೋಯಿತು. ಸಾಮಾನು ಹೊತ್ತ ಲಾರಿಗೂ ಇಂತಿಷ್ಟೇ ನಿಲುಗಡೆ ಅನ್ನುವ ಮಿತಿ ಇದೆ. ಹಾಗೆ ಲಾರಿಯಲ್ಲಿ ಹೋಗುವ ಸಾಮಾನಿಗೆ ವೈರಿನ ತನಕ ಪಟ್ಟಿ ಮಾಡಿ ಕಾರ್ನೆ ಅನ್ನುವ ದಾಖಲೆ ಮಾಡಿಸಬೇಕು. ಅದು ಸಾಮಾನಿನ ಪಾಸ್‌ಪೋರ್ಟ್ ಅಂದುಕೊಳ್ಳಿ, ಒಂದು ವರ್ಷದ ಆಯಸ್ಸು ಅದಕ್ಕೆ.

ಇದರ ಪರಿಣಾಮ ಸ್ವಲ್ಪ ವಿಚಿತ್ರವಾಗಿದೆ. ಟೂರುಗಳು ಚಿಕ್ಕದಾಗುತ್ತಿವೆ. ಬ್ರಿಟನ್ನಿನ ಸಣ್ಣ ಸಂಗೀತ ಹಾಲುಗಳ ಪರ ಕೆಲಸ ಮಾಡುವ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಕೊಟ್ಟ ಲೆಕ್ಕದಂತೆ, 1994ರಲ್ಲಿ ಈ ಮಟ್ಟದ ಒಂದು ಟೂರ್ ಅಂದರೆ ಸರಾಸರಿ 22 ಶೋ. 2024ರಲ್ಲಿ ಅದು 11. ಅರ್ಧಕ್ಕೆ ಅರ್ಧ. ಕಡಿಮೆ ಶೋ ಅಂದರೆ ಕಡಿಮೆ ದಣಿವು ಅಂತ ಹೊರಗಿನವರು ಅಂದುಕೊಳ್ಳಬಹುದು. ಆಗುವುದು ಉಲ್ಟಾ. ತಾಲೀಮು, ಸೆಟ್ಟು, ವೀಸಾ, ಪೋಸ್ಟರ್, ಇವೆಲ್ಲ ಒಮ್ಮೆ ಆಗಿಹೋಗುವ ಖರ್ಚು. 22 ಶೋಗೆ ಹಂಚಿಕೊಳ್ಳುತ್ತಿದ್ದ ಆ ಭಾರವನ್ನು 11 ಶೋ ಹೊರಬೇಕು. ಆದ್ದರಿಂದ ಆ 11 ಶೋಗಳ ನಡುವೆ ಒಂದು ದಿನವೂ ಬಿಡುವ ಹಾಗಿಲ್ಲ. ದೊಡ್ಡ ಊರಿಂದ ದೊಡ್ಡ ಊರಿಗೆ ರಾತ್ರಿಯೆಲ್ಲ ಓಡಿ, ಬೆಳಗ್ಗೆ ಇಳಿದು, ಸೆಟ್ ಹಾಕಿ, ಸೌಂಡ್ ಚೆಕ್ ಮುಗಿಸಿ, ಶೋ ಕೊಟ್ಟು, ಸೆಟ್ ಬಿಚ್ಚಿ, ಮತ್ತೆ ಹತ್ತು. ಮಧ್ಯದ ಚಿಕ್ಕ ಊರುಗಳಿಗೆ ಯಾರೂ ಬರಲ್ಲ ಅನ್ನೋದು ಬೇರೆಯೇ ದುಃಖ.

ಇನ್ನು ದೇಹದ ವಿಷಯ. ಇದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ರಾತ್ರಿ ಹತ್ತಕ್ಕೆ ಚಪ್ಪಾಳೆ ಬೀಳುತ್ತದೆ. ಆಗ ಮೈಯಲ್ಲಿ ಹರಿಯುವ ಹುಮ್ಮಸ್ಸು ಹನ್ನೆರಡಾದರೂ ಇಳಿಯಲ್ಲ, ಕೆಲವರಿಗೆ ಎರಡಾದರೂ ಇಲ್ಲ. ಬೆಳಗ್ಗೆ ಆರಕ್ಕೆ ಬಸ್ಸು. ಸರಿ, ರೂಮೇ ಸಿಕ್ಕಿತು ಅನ್ನಿ, ನಿದ್ದೆ ಬರುತ್ತಾ? 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಹೊಸ ಜಾಗದಲ್ಲಿ ಮಲಗುವವರ ಮಿದುಳನ್ನು ಗಮನಿಸಿದರು. ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರವಾಗುವಂತೆ ಅರೆಕಾವಲು ಕಾಯುತ್ತಿರುತ್ತದೆ. ಅದೇ ಜಾಗದಲ್ಲಿ ಮುಂದೆ ಮತ್ತೆ ಮಲಗಿದಾಗ ಈ ವ್ಯತ್ಯಾಸ ಹೋಗಿಬಿಡುತ್ತದೆ. ತಿರುಗಾಟದವರ ಪಾಲಿಗೆ ಎರಡನೇ ರಾತ್ರಿ ಅನ್ನುವುದೇ ಇಲ್ಲವಲ್ಲ! ಪ್ರತಿ ರಾತ್ರಿಯೂ ಮೊದಲ ರಾತ್ರಿ. ನಡುರಾತ್ರಿ ಎದ್ದು ಬಚ್ಚಲ ಬಾಗಿಲು ಅಂದುಕೊಂಡು ಬಟ್ಟೆಯ ಬೀರು ತೆರೆದವರು ನಮ್ಮ ತಂಡದಲ್ಲಿ ಒಬ್ಬರಲ್ಲ, ಮೂವರು. ಮರುದಿನ ನಗುತ್ತಿದ್ದೆವು.

ಗಂಟಲಿನದು ಇನ್ನೂ ನಾಜೂಕು. ಧ್ವನಿ ಹೊರಡಿಸುವ ಆ ಎರಡು ಪುಟ್ಟ ಮಡಿಕೆಗಳು ಹಾಡುವಾಗ ಸೆಕೆಂಡಿಗೆ ನೂರಾರು ಸಲ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಊದಿಕೊಂಡರೆ ಮೊದಲ ಮದ್ದು ಬಾಯಿ ಮುಚ್ಚಿ ಕೂರುವುದು. ಬಸ್ಸಿನ ಮತ್ತು ವಿಮಾನದ ಒಣಗಾಳಿ ಅದಕ್ಕೆ ಶತ್ರು. 2017ರಲ್ಲಿ ಬ್ರಿಟನ್ನಿನ ಗಾಯಕಿ ಅಡೆಲ್ ಲಂಡನ್ನಿನ ವೆಂಬ್ಲಿಯಲ್ಲಿ ನಾಲ್ಕು ಶೋಗಳ ಪೈಕಿ ಎರಡನ್ನು ಮುಗಿಸಿ, ಉಳಿದ ಎರಡನ್ನು ಗಂಟಲಿನ ಪೆಟ್ಟಿನಿಂದಾಗಿ ರದ್ದು ಮಾಡಬೇಕಾಯಿತು. ಅವರಿಗೆ ವೈದ್ಯರ ಮಾತು ಕೇಳುವ ಅನುಕೂಲವಾದರೂ ಇತ್ತು. ಸಣ್ಣ ತಂಡದ ಹಾಡುಗಾರ್ತಿ ಬಿಸಿನೀರು ಕುಡಿದು ಮತ್ತೆ ಮೈಕ್ ಹಿಡಿಯುತ್ತಾಳೆ.

ನನಗೆ ಎಲ್ಲಕ್ಕಿಂತ ಅಚ್ಚರಿ ಅನ್ನಿಸುವ ಸಂಗತಿ ಇದು. ಇಡೀ ಬಸ್ಸಿನಲ್ಲಿ ಬಿಡುವು ತಗೊಂಡನಾ ಅಂತ ಯಂತ್ರವಿಟ್ಟು ನೋಡುವುದು ಒಬ್ಬನನ್ನು ಮಾತ್ರ, ಡ್ರೈವರನ್ನು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಅವನು ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ 10 ಗಂಟೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು. ಅಮೆರಿಕದಲ್ಲಿ ಪ್ರಯಾಣಿಕರ ಬಸ್ಸು ಓಡಿಸುವವನು 8 ಗಂಟೆ ಬಿಡುವು ತಗೊಂಡ ಮೇಲೆ 10 ಗಂಟೆ ಓಡಿಸಬಹುದು, ಆಮೇಲೆ ಮತ್ತೆ ಬಿಡುವು. ಇದೆಲ್ಲ ಯಂತ್ರದಲ್ಲಿ ದಾಖಲಾಗುತ್ತದೆ, ಪೊಲೀಸರು ನಿಲ್ಲಿಸಿ ನೋಡುತ್ತಾರೆ. ಡ್ರೈವರ್ ತೂಕಡಿಸಿದರೆ ಜನ ಸಾಯುತ್ತಾರೆ, ಅದಕ್ಕೇ ಈ ನಿಯಮ, ಸರಿಯೇ. ಆದರೆ ರಾತ್ರಿಯಿಡೀ ಎದ್ದಿದ್ದು ಇಪ್ಪತ್ತು ಅಡಿ ಎತ್ತರದಲ್ಲಿ ಲೈಟ್ ಕಟ್ಟುವ ಹುಡುಗ? ಬೆಂಕಿಯ ಪಂಜು ಎಸೆದು ಹಿಡಿಯುವ ಕಸರತ್ತಿನವಳು? ಅವರಿಬ್ಬರೂ ನಿನ್ನೆ ಎಷ್ಟು ಹೊತ್ತು ಮಲಗಿದರು ಅಂತ ಕೇಳುವ ಯಂತ್ರ ಇನ್ನೂ ಬಂದಿಲ್ಲ.

ಕಲಾವಿದರ ಸಂಘ ಗಟ್ಟಿ ಇರುವ ಕಡೆ ಪರಿಸ್ಥಿತಿ ಸ್ವಲ್ಪ ವಾಸಿ. ಅಮೆರಿಕದ ಬ್ರಾಡ್‌ವೇ ನಾಟಕಗಳಲ್ಲಿ ವಾರಕ್ಕೆ 8 ಶೋ, ಒಂದು ದಿನ ರಜೆ ಅನ್ನೋದು ರೂಢಿ. ಅದೇ ನಾಟಕ ಊರೂರು ಸುತ್ತಲು ಹೊರಟರೆ ಆ ಒಂದು ರಜೆ ಪ್ರಯಾಣಕ್ಕೆ ಬಲಿ. ಭಾನುವಾರ ಎರಡು ಶೋ, ರಾತ್ರಿ ಸೆಟ್ ಬಿಚ್ಚು, ಸೋಮವಾರ ಪ್ರಯಾಣ, ಮಂಗಳವಾರ ಹೊಸ ಊರಿನಲ್ಲಿ ಶೋ. ಇದನ್ನು ರಜೆ ಅನ್ನಬೇಕಾ? ಆ ನಟರಲ್ಲೇ ಒಂದು ಮಾತಿದೆ, ಗೋಲ್ಡನ್ ಡೇ ಅಂತ. ಶೋ ಇಲ್ಲ, ತಾಲೀಮಿಲ್ಲ, ಪ್ರಯಾಣವೂ ಇಲ್ಲ, ಅಂಥ ದಿನ. ಚಿನ್ನ ಅಂತ ಸುಮ್ನೆ ಕರೆದಿಲ್ಲ ನೋಡಿ. 2023ರಲ್ಲಿ ಆಕ್ಟರ್ಸ್ ಈಕ್ವಿಟಿ ಎಂಬ ನಟರ ಸಂಘ ಈ ತಿರುಗಾಟದ ಒಪ್ಪಂದಕ್ಕಾಗಿ ಮುಷ್ಕರದ ಅಂಚಿಗೇ ಹೋಗಿ ಬಂತು. ಜಗಳ ಇದ್ದದ್ದು ಸಂಬಳಕ್ಕಿಂತ ಹೆಚ್ಚಾಗಿ ಎರಡು ವಿಷಯಕ್ಕೆ. ಒಂದು, ರೂಮಿನ ಬಾಡಿಗೆಗೂ ಸಾಲದ ದಿನಭತ್ಯೆ. ಇನ್ನೊಂದು, ಬದಲಿ ನಟರ ಕೊರತೆ. ಒಬ್ಬರಿಗೆ ಹುಷಾರಿಲ್ಲದಿದ್ದರೆ ಅವರ ಪಾತ್ರ ಮಾಡಲು ಇನ್ನೊಬ್ಬರಿಲ್ಲ ಅಂದರೆ ಜ್ವರದ ದಿನವೂ ರಜೆ ಇಲ್ಲ ಅಂತಲೇ ಅರ್ಥ.

ಮನಸ್ಸಿನ ವಿಷಯ ಈಗ ಎಲ್ಲರೂ ಮಾತಾಡುತ್ತಿದ್ದಾರೆ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. 2022ರಲ್ಲಿ ಗಾಯಕ ಶಾನ್ ಮೆಂಡೆಸ್ ಟೂರಿನ ನಡುವೆಯೇ ನಿಲ್ಲಿಸಿ, ಮನಸ್ಸು ಸರಿಯಾಗಲು ಸಮಯ ಬೇಕು ಅಂದರು. ಒಳ್ಳೆಯದೇ. ಆದರೆ ಅದನ್ನು ಧ್ಯಾನ, ಆ್ಯಪು, ಆಪ್ತ ಸಲಹೆಗಳ ಮಾತಾಗಿ ಮುಗಿಸಿಬಿಡುವುದು ನನಗೆ ಹಿಡಿಸಲ್ಲ. ಸತತ ಒಂಬತ್ತು ದಿನ ಸರಿಯಾಗಿ ಮಲಗದವನಿಗೆ ಮೊದಲು ಬೇಕಾದದ್ದು ಹತ್ತನೇ ದಿನ ಮಲಗಲು ಬಿಡುವವರು.

ಪರಿಹಾರ ಅಂತ ಯಾರು ಏನು ಮಾಡುತ್ತಿದ್ದಾರೆ? ದೊಡ್ಡವರು ಒಂದು ಜಾಣ ದಾರಿ ಕಂಡುಕೊಂಡಿದ್ದಾರೆ. ಸುತ್ತುವುದನ್ನೇ ಬಿಟ್ಟು ಒಂದೇ ಕಡೆ ಕೂರುವುದು. ಗಾಯಕ ಹ್ಯಾರಿ ಸ್ಟೈಲ್ಸ್ 2022ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ 15 ಶೋ ಕೊಟ್ಟರು. ಅಡೆಲ್ 2024ರ ಆಗಸ್ಟಿನಲ್ಲಿ ಮ್ಯೂನಿಕ್‌ನಲ್ಲಿ ತಾತ್ಕಾಲಿಕ ಸ್ಟೇಡಿಯಂ ಕಟ್ಟಿಸಿಕೊಂಡು 10 ಶೋ. ಸೆಟ್ ಒಂದೇ ಸಲ ಹಾಕಿದರೆ ಆಯಿತು, ಅದೇ ಹಾಸಿಗೆ, ಅದೇ ದಿಂಬು. ವಿಮಾನ ಹತ್ತುವುದು, ರೂಮು ಹುಡುಕುವುದು ಈಗ ಪ್ರೇಕ್ಷಕರ ಪಾಲಿಗೆ. ಖರ್ಚು ಮಾಯವಾಗಲಿಲ್ಲ, ಕೈ ಬದಲಾಯಿತು ಅಷ್ಟೆ.

ಸಂಗೀತ ಶೋಗಳನ್ನು ಆಯೋಜಿಸುವ ದೊಡ್ಡ ಕಂಪನಿ ಲೈವ್ ನೇಷನ್ 2023ರಲ್ಲಿ ಅಮೆರಿಕದ ತನ್ನ ಕ್ಲಬ್ಬುಗಳಲ್ಲಿ ಹಾಡುವ ತಂಡಗಳಿಗೆ ಪ್ರತಿ ಶೋಗೆ 1,500 ಡಾಲರ್ ಪ್ರಯಾಣದ ಖರ್ಚು ಕೊಡುತ್ತೇವೆ, ತಂಡದವರು ಅಲ್ಲಿ ಮಾರುವ ಟೀ ಶರ್ಟಿನ ದುಡ್ಡಿನಲ್ಲಿ ಪಾಲು ಕೇಳಲ್ಲ ಅಂತ ಘೋಷಿಸಿತು. ತಂಡಗಳಿಗೆ ಖುಷಿ. ಆದರೆ ಸ್ವತಂತ್ರ ಹಾಲುಗಳವರು, ಇಷ್ಟು ಕೊಡಲು ನಮ್ಮಿಂದಾಗಲ್ಲ, ಇದು ನಮ್ಮನ್ನು ಮುಗಿಸುವ ಆಟ ಅಂತ ದೂರಿದರು. ಅವರ ದೂರಿನಲ್ಲೂ ಹುರುಳಿದೆ. ಬ್ರಿಟನ್ನಿನಲ್ಲಿ ದೊಡ್ಡ ಸ್ಟೇಡಿಯಂ ಟಿಕೆಟ್ಟಿನಿಂದ ಒಂದು ಪೌಂಡ್ ತೆಗೆದು ಸಣ್ಣ ಹಾಲುಗಳಿಗೆ ಕೊಡುವ ಯೋಚನೆಗೆ ಸರ್ಕಾರವೇ ಬೆಂಬಲ ಹೇಳಿದೆ. ಆದರೆ ಅದು ಕಡ್ಡಾಯವಲ್ಲ, ಮನಸ್ಸಿದ್ದವರು ಕೊಡಬಹುದು.

ನೇರವಾಗಿ ಖಾಲಿ ದಿನಕ್ಕೇ ದುಡ್ಡು ಕೊಡುವ ದೇಶ ಫ್ರಾನ್ಸ್. ಅಲ್ಲಿ ಕಲಾವಿದರು, ತಂತ್ರಜ್ಞರು 12 ತಿಂಗಳಲ್ಲಿ 507 ಗಂಟೆ ಕೆಲಸ ಮಾಡಿದ್ದನ್ನು ತೋರಿಸಿದರೆ, ಕೆಲಸ ಇಲ್ಲದ ದಿನಗಳಿಗೆ ನಿರುದ್ಯೋಗ ಭತ್ಯೆ ಸಿಗುತ್ತದೆ. ಎರಡು ಶೋ ನಡುವಿನ ಬಿಡುವು ಸೋಮಾರಿತನವಲ್ಲ, ಈ ಕಸುಬಿನ ಭಾಗ ಅಂತ ಒಪ್ಪಿಕೊಂಡಂತೆ. 2003ರಲ್ಲಿ ಈ ನಿಯಮ ಬಿಗಿ ಮಾಡಲು ಹೊರಟಾಗ, 507 ಗಂಟೆಯನ್ನು ಕಲಾವಿದರು ಹತ್ತೂವರೆ ತಿಂಗಳಲ್ಲಿ ಮುಗಿಸಬೇಕು ಅಂದಾಗ, ಮುಷ್ಕರ ಎದ್ದು ಆ ವರ್ಷದ ಆವಿನ್ಯೋ ನಾಟಕೋತ್ಸವವೇ ರದ್ದಾಯಿತು. 2016ರಲ್ಲಿ ಮತ್ತೆ 12 ತಿಂಗಳ ಲೆಕ್ಕ ಬಂತು. ಈ ವ್ಯವಸ್ಥೆ ದುಬಾರಿ, ಕಂಪನಿಗಳು ಇದನ್ನು ದುರುಪಯೋಗ ಮಾಡುತ್ತವೆ ಅನ್ನುವ ಟೀಕೆ ಅಲ್ಲೂ ಇದೆ. ಇರಲಿ. ಯಾರು ಕೊಡಬೇಕು ಅನ್ನುವ ಪ್ರಶ್ನೆಗೆ ಬಾಯಿ ಬಿಟ್ಟು ಉತ್ತರ ಹೇಳಿದವರು ಅವರೇ. ಉಳಿದ ಕಡೆ ಉತ್ತರ ಹೇಳದೆ ಕಲಾವಿದರ ಮೈಮೇಲೆ ಬಿಟ್ಟಿದ್ದಾರೆ.

ತಂಡದ ಜೊತೆ ಹೊರಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕರಾರು ಕೈಗೆ ಬಂದಾಗ ಶೋಗೆ ಎಷ್ಟು ಅಂತ ಮೊದಲು ನೋಡಬೇಡಿ. ಶೋ ಇಲ್ಲದ ದಿನಕ್ಕೆ ಬ್ಯಾಟಾ ಇದೆಯಾ, ರೂಮು ಯಾರದ್ದು, ಪ್ರಯಾಣದ ದಿನವನ್ನು ರಜೆ ಅಂತ ಬರೆದಿದ್ದಾರಾ, ಖಾಲಿ ದಿನದಲ್ಲಿ ಹೊಸ ಶೋ ಸೇರಿಸಿದರೆ ನಿಮ್ಮನ್ನು ಕೇಳಬೇಕು ಅಂತ ಇದೆಯಾ, ಇದನ್ನು ನೋಡಿ. ನಮ್ಮ ಕರಾರಿನಲ್ಲಿ ಇವ್ಯಾವುದೂ ಇರಲಿಲ್ಲ. ಕರಾರೇ ಇರಲಿಲ್ಲ ಅನ್ನಿ, ಬಾಯಿಮಾತು.

ಒಂದು ಸಲ ಹನ್ನೊಂದು ದಿನ ಸತತ ಶೋ ಆಗಿ ಹನ್ನೆರಡನೇ ದಿನ ಖಾಲಿ ಸಿಕ್ಕಿತು. ಬೆಳಗ್ಗೆ ಎಲ್ಲರೂ ಬಕೆಟ್ಟಿಗೆ ಬಟ್ಟೆ ಹಾಕಿ ನೆನೆಸಿದ್ದೆವು. ಹತ್ತು ಗಂಟೆಗೆ ಮ್ಯಾನೇಜರಿಗೆ ಫೋನ್ ಬಂತು. ಎರಡು ಗಂಟೆ ದೂರದ ಒಂದು ಕಡೆ ಯಾರದೋ ಕಾರ್ಯಕ್ರಮ ತಪ್ಪಿಹೋಗಿದೆ, ನೀವು ಬರ್ತೀರಾ ಅಂತ. ಅವರು ಒಳ್ಳೆಯ ಮನುಷ್ಯ, ತಾವೇ ತೀರ್ಮಾನ ಮಾಡದೆ ನಮ್ಮನ್ನೆಲ್ಲ ಕೂರಿಸಿಕೊಂಡು ಕೇಳಿದರು, ಒಪ್ಪುವವರು ಕೈ ಎತ್ತಿ ಅಂದರು. ಖಾಲಿ ದಿನಕ್ಕೆ ನಮಗೆ ಏನೂ ಸಿಗುತ್ತಿರಲಿಲ್ಲ, ಶೋ ಇದ್ದರೆ ಪೂರ್ತಿ ಕೂಲಿ. ಹದಿಮೂರು ಜನರಲ್ಲಿ ಹನ್ನೊಂದು ಕೈ ಮೇಲೆ ಬಂತು, ನನ್ನದೂ ಸೇರಿ. ಬಟ್ಟೆಯನ್ನು ಹಿಂಡಿ, ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಸ್ಸು ಹತ್ತಿದೆವು. ಎರಡು ದಿನ ಬಿಟ್ಟು ಚೀಲ ಬಿಚ್ಚಿದಾಗ ಅಂಗಿಗಳಿಗೆಲ್ಲ ಬೂಷ್ಟು ಹಿಡಿದಿತ್ತು.